ಚೆಲ್ಲಬೇಕಾಗಿದ್ದ ನೀರು

ಮಳೆ ನಿಂತು ಹದಿನೈದು ದಿನವಾಗಿತ್ತು. ಶನಿವಾರ, ಬೆಳಗಿನ ಏಳು ಗಂಟೆ. ಕಣ್ಣಿನ ಪೊರೆ ತೆಗೆಸಿಕೊಳ್ಳಲು ಆಸ್ಪತ್ರೆಗೆ ಹೊರಟವಳು ಕೈಚೀಲ ಹಿಡಿದು ಹಿತ್ತಲಿನಲ್ಲಿ ನಿಂತಿದ್ದೆ. ಎಲ್ಲ ಶುರುವಾದದ್ದು ಅಲ್ಲಿಂದ.

ಹಿತ್ತಲಿನ ಗೋಡೆಯ ನೆರಳಿನಲ್ಲಿ ಉದ್ದಕ್ಕೂ ಚಿತ್ರಮೂಲದ ಗಿಡಗಳಿದ್ದವು. ಸೊಂಟದೆತ್ತರ ಬೆಳೆಯುವ ಪೊದೆ, ಬಿಳಿ ಹೂವು. ಹೂವಿನ ಬುಡ ಅಂಟಂಟು, ಪಕ್ಕದಲ್ಲಿ ಹಾದರೆ ಬಟ್ಟೆಗೆ ಹತ್ತಿಕೊಂಡು ಬರುತ್ತದೆ. ನೋಡಿದರೆ ಪಾಪದ ಗಿಡ. ಅದರ ಜೋರೆಲ್ಲ ಬೇರಿನಲ್ಲಿ. ಹಸಿ ಬೇರಿನ ರಸ ಚರ್ಮಕ್ಕೆ ತಾಗಿತೋ, ಸಂಜೆಯ ಹೊತ್ತಿಗೆ ಬೊಬ್ಬೆ ಏಳುತ್ತದೆ. ಎರಡು ವರ್ಷ ತುಂಬಿದ ಗಿಡವನ್ನು ಮಳೆ ನಿಂತ ಮೇಲೆ ಅಗೆದು, ಕೈಗೆ ಎಣ್ಣೆ ಸವರಿಕೊಂಡು, ಬೇರನ್ನು ಬೆರಳುದ್ದಕ್ಕೆ ಕತ್ತರಿಸಿ, ಸುಣ್ಣದ ತಿಳಿನೀರಿನಲ್ಲಿ ನೆನೆಹಾಕಬೇಕು. ನೀರು ರಕ್ತದ ಹಾಗೆ ಕೆಂಪಾಗುತ್ತದೆ. ಬೇರಿನ ವಿಷ ಅದು. ಚೆಲ್ಲಿ ಹೊಸ ನೀರು ಹಾಕಬೇಕು. ಮತ್ತೆ ಕೆಂಪಾದರೆ ಮತ್ತೆ ಚೆಲ್ಲಬೇಕು. ನೀರು ಬಣ್ಣ ತಿರುಗುವುದು ನಿಂತ ಮೇಲೆಯೇ ತೊಳೆದು, ಒಣಗಿಸಿ, ಪುಡಿ ಮಾಡುವುದು. ಆ ಪುಡಿ ಚಿಟಿಕೆಯಷ್ಟು ತಿಂದರೆ ಸತ್ತ ಹಸಿವು ಎದ್ದು ಕೂರುತ್ತದೆಂದು ಅಣ್ಣನ ಅಂಗಡಿಗೆ ಜನ ಬರುತ್ತಿದ್ದರು.

ಅಣ್ಣ ವೈದ್ಯ. ನಾಡಿ ಹಿಡಿಯುವುದು, ಪೊಟ್ಟಣ ಕಟ್ಟುವುದು ಅವನ ಕೆಲಸ. ನೆಡುವುದು, ಅಗೆಯುವುದು, ನೆನೆಹಾಕುವುದು ನನ್ನದು. ಗಂಡ ತೀರಿಕೊಂಡ ಮೇಲೆ ಇಪ್ಪತ್ತಾರನೆಯ ವಯಸ್ಸಿಗೆ ಆ ಮನೆಗೆ ಬಂದವಳು ನಾನು. ನಲವತ್ತೊಂದು ವರ್ಷ ಅದೇ ಮಡಕೆ ತೊಳೆದಿದ್ದೆ. ಅಣ್ಣ ಒಂದು ದಿನವೂ ಮಡಕೆಯೊಳಗೆ ಇಣುಕಿದವನಲ್ಲ.

ಅವತ್ತು ಬೇರು ನೆನೆಹಾಕಿ ಎರಡನೆಯ ದಿನ. ಅಣ್ಣನ ಸೊಸೆಯನ್ನು ಕರೆದೆ. ಅವಳು ಬಂದು ಮೂರು ವರ್ಷವಾಗಿತ್ತು. ಗಂಡ ನೆಲಕ್ಕೆ ಕಲ್ಲು ಹಾಸುವ ಕೆಲಸದವನು, ತಿಂಗಳಲ್ಲಿ ಇಪ್ಪತ್ತು ದಿನ ಹೊರಗೇ ಇರುತ್ತಿದ್ದ.

"ದಿನಾ ಬೆಳಿಗ್ಗೆ ಇದರ ನೀರು ಬದಲಾಯಿಸು," ಅಂದೆ.

"ಯಾಕತ್ತೆ ಬದಲಾಯಿಸೋದು?"

"ಹೇಳಿದಷ್ಟು ಮಾಡು."

"ನೀವೊಬ್ರು! ಈ ಮಡಕೆ ಮಾತು ಬಂದ್ರೆ ಸಾಕು, ಬಾಯಿಗೆ ಬೀಗ," ಎಂದು ನಕ್ಕಳು.

ನಾನೂ ನಕ್ಕು ಹೊರಟೆ.

ಎರಡು ಮೂರು ದಿನ ಅಂದದ್ದು ಆರು ದಿನವಾಯಿತು. ಕಣ್ಣು ಊದಿಕೊಂಡು, ಡಾಕ್ಟರು ಬಿಡಲಿಲ್ಲ. ಶುಕ್ರವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ಒಂದು ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಮನೆಗೆ ಬಂದೆ. ಕೈಚೀಲ ಇಟ್ಟವಳೇ ಹಿತ್ತಲಿಗೆ ಹೋದೆ. ಮಡಕೆ ತೊಳೆದು ಬೋರಲು ಹಾಕಿತ್ತು.

"ಬೇರೆಲ್ಲಿ?"

"ಆಯ್ತಲ್ಲ! ಪುಡಿನೂ ಆಯ್ತು," ಸೊಸೆ ಮುಖ ಅರಳಿಸಿದಳು. "ಹಳೇ ಪುಡಿ ಮುಗೀತು, ಎಷ್ಟು ಹೊತ್ತಿಗೆ ಆಗುತ್ತೆ ಅಂತ ಮಾವ ದಿನಾ ಕೇಳೋರು. ನಿನ್ನೆ ಕುಟ್ಟಿ ಕೊಟ್ಟೆ. ಇವತ್ತು ಎಂಟು ಗಂಟೆಗೇ ಮಾವ ಕೊಟ್ಟೂ ಆಯ್ತು, ಹ್ಯಾಂಗರಿಗೆ."

ಹ್ಯಾಂಗರ್ ಅಂದರೆ ನಮ್ಮ ಬೀದಿಯ ತುದಿಯಲ್ಲಿ ಗಾಡಿ ಇಟ್ಟುಕೊಂಡ ಇಸ್ತ್ರಿಯವನು. ಬಟ್ಟೆ ತೂಗುಹಾಕಬಹುದು, ಅಷ್ಟು ಸಣಕಲ. ಹೆಸರು ಹಿಡಿದು ಕೂಗಿದರೆ ತಿರುಗದವನು, ಹ್ಯಾಂಗರ್ ಅಂದರೆ ಓ ಅನ್ನುತ್ತಿದ್ದ. ಎರಡು ತಿಂಗಳಿಂದ ಊಟ ಸೇರುತ್ತಿಲ್ಲವೆಂದು ಅಣ್ಣನ ಹತ್ತಿರ ಅಲೆಯುತ್ತಿದ್ದ.

"ಆರು ದಿನಕ್ಕೆ ಹೇಗೆ ಆಯ್ತು? ನೀರು ಬದಲಾಯಿಸಿದೆಯಾ?"

"ಮೊದಲ ದಿನ ಬದಲಾಯಿಸಿದೆ ಅತ್ತೆ. ಆಮೇಲೆ ಮನಸ್ಸು ಬರಲಿಲ್ಲ. ಎಷ್ಟು ಚೆನ್ನಾಗಿ ಕೆಂಪಗೆ ಸಾರ ಬಿಟ್ಟಿತ್ತು! ಅದನ್ನು ಚೆಲ್ಲಿದ್ರೆ ಬೇರಲ್ಲಿ ಏನು ಉಳಿಯುತ್ತೆ ಅಂತ, ನೀರಿನ ಸಮೇತ ಅಗಲದ ತಟ್ಟೆಗೆ ಸುರಿದು ಬಿಸಿಲಿಗಿಟ್ಟೆ. ಒಂದು ಹನಿ ವ್ಯರ್ಥ ಮಾಡಿಲ್ಲ."



ನೆಟ್ಟಗೆ ಒಳಗೆ ಹೋಗಿ ಬಿಳಿ ಬಸಿಯಲ್ಲಿ ಸುಣ್ಣದ ತಿಳಿನೀರು ಹಾಕಿದೆ. ಅಂಗಡಿಯ ಡಬ್ಬಿಯಿಂದ ಒಂದು ಚಿಟಿಕೆ ಪುಡಿ ಉದುರಿಸಿದೆ. ಬಿದ್ದಲ್ಲಿಂದಲೇ ಕೆಂಪು ಎಳೆ ಹರಡಿ, ಬಸಿ ತುಂಬ ಕೆಂಪಾಯಿತು. ಇದ್ದ ಒಂದು ಕಣ್ಣಿಗೇ ಸಾಕಾಗುವಷ್ಟು ಕೆಂಪು.

"ಅತ್ತೆ, ಏನದು?" ಸೊಸೆಯ ದನಿ ಬದಲಾಗಿತ್ತು.

"ವಿಷ. ಕರುಳು ಸುಡುತ್ತೆ. ಆ ನೀರು ಚೆಲ್ಲೋದೇ ಅದಕ್ಕೆ."

ಅಣ್ಣ ಮುಂದಿನ ಕೋಣೆಯಲ್ಲಿ, ಅಂಗಡಿಯ ಮೇಜಿನ ಹಿಂದೆ ಕೂತು ಕಾಗದ ಕತ್ತರಿಸುತ್ತಿದ್ದ. ಬಸಿ ತಂದು ಅವನ ಮುಂದಿಟ್ಟೆ. ಅವನಿಗೆ ವಿವರಿಸಬೇಕಾಗಿರಲಿಲ್ಲ. ಕತ್ತರಿ ಕೆಳಗಿಟ್ಟ.

"ಬೇರೆ ಯಾರಿಗೆ ಕೊಟ್ಟೆ?" ಅಂದೆ.

"ಅವನೊಬ್ಬನಿಗೆ. ಏಳು ಪೊಟ್ಟಣ. ಮಧ್ಯಾಹ್ನ ಊಟ ಆದ ಮೇಲೆ ಒಂದು ಅಂತ ಹೇಳಿದೀನಿ."

"ಹಾಗಾದ್ರೆ ಇನ್ನೂ ತಗೊಂಡಿಲ್ಲ. ಹೋಗಿ ವಾಪಸ್ ತರ್ತೀನಿ."

"ನಿಲ್ಲು," ಅಂದ ಅಣ್ಣ. ದನಿ ಏರಿಸಲಿಲ್ಲ. "ನನ್ನ ಕೈಯಿಂದ ಹೋದ ಔಷಧಿ ಇವತ್ತಿನ ತನಕ ವಾಪಸ್ ಬಂದಿಲ್ಲ. ನೀನು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಬೀದೀಲಿ ಓಡಿದ್ರೆ ಜನ ಏನು ಅಂತ ಕೇಳಲ್ವಾ? ಸಂಜೆ ಅವನು ಬಟ್ಟೆ ಕೊಡೋಕೆ ಬರ್ತಾನೆ. ತೂಕ ತಪ್ಪಿತ್ತು ಅಂತ ಬೇರೆ ಪೊಟ್ಟಣ ಕೊಟ್ಟರಾಯ್ತು."

"ಮಾವ, ಮಧ್ಯಾಹ್ನದ್ದು?" ಅಂದಳು ಸೊಸೆ.

"ಒಂದು ಚಿಟಿಕೆಗೆ ಯಾರೂ ಸಾಯಲ್ಲ. ನೀನು ಒಳಗೆ ಹೋಗು. ಮಾಡಿದ್ದು ಸಾಕು."

ನಾನು ಸುಮ್ಮನೆ ನಿಂತೆ. ಅಣ್ಣ ಹೇಳಿದ ಮೇಲೆ ಎದುರಾಡಿದವಳಲ್ಲ. ಅವನ ಮನೆಯ ಅನ್ನ, ಅವನ ಮನೆಯ ಸೂರು. ಬಸಿಯೊಳಗಿನ ಕೆಂಪು ಕಪ್ಪಿಗೆ ತಿರುಗುತ್ತಿತ್ತು. ಅಂಗಡಿಯ ಗಡಿಯಾರ ಹನ್ನೊಂದೂವರೆ ತೋರಿಸುತ್ತಿತ್ತು. ಎಷ್ಟು ಹೊತ್ತು ಹಾಗೇ ನಿಂತಿದ್ದೆನೋ, ಮತ್ತೆ ನೋಡಿದಾಗ ದೊಡ್ಡ ಮುಳ್ಳು ಒಂಬತ್ತರ ಹತ್ತಿರ ಬಂದಿತ್ತು.

ಹಿಂದಿನಿಂದ ಸೊಸೆಯ ಮಾತು ಕೇಳಿತು. ಅವಳು ಒಳಗೆ ಹೋಗಿ ಇಸ್ತ್ರಿಯವನಿಗೆ ಫೋನ್ ಹಚ್ಚಿದ್ದಳು. "ಯಾರು? ಚಪ್ಪಲಿ ಹೊಲಿಯೋರಾ? ಅವರೆಲ್ಲಿ? ಫೋನ್ ನಿಮ್ಮ ಹತ್ರ ಯಾಕಿದೆ?" ಆಮೇಲೆ ನನ್ನ ಕಡೆ ಬಂದು, "ಚಾರ್ಜಿಗೆ ಹಾಕಿ ಹೋಗಿದಾರಂತೆ. ಹುಡುಗರ ಹಾಸ್ಟೆಲಿಗೆ, ಬಟ್ಟೆ ಕೊಡೋಕೆ. ಅಲ್ಲೇ ಊಟ ಮುಗಿಸಿ ಬರೋದಂತೆ. ಅತ್ತೆ, ನಾನು ಹೋಗ್ತೀನಿ. ನೀವು ಬರ್ತೀರೋ ಇಲ್ವೋ?"

ಅಣ್ಣನ ಮುಖ ನೋಡದೆ ಚಪ್ಪಲಿ ಮೆಟ್ಟಿದೆ.

ಆಟೊ ಸಿಗಲಿಲ್ಲ. ನಡಿಗೆಯೋ ಓಟವೋ ತಿಳಿಯದ ಹಾಗೆ ಹೋದೆವು. ಒಂದೇ ಕಣ್ಣಿಗೆ ಮೆಟ್ಟಿಲು ಯಾವುದು, ಚರಂಡಿ ಯಾವುದು ಗೊತ್ತಾಗದೆ ಎರಡು ಸಲ ಎಡವಿದೆ. ಸೊಸೆ ನನ್ನ ತೋಳು ಬಿಡಲಿಲ್ಲ, ಬೈಯಲೂ ಇಲ್ಲ.

ಹಾಸ್ಟೆಲಿನ ಗೇಟಿನಲ್ಲಿ ಕಾವಲುಗಾರ ಪುಸ್ತಕ ಮುಂದಿಟ್ಟ. "ಹೆಸರು, ವಿಳಾಸ, ಬಂದ ಕಾರಣ ಬರೀರಿ."

"ಇಸ್ತ್ರಿಯವರು ಎಲ್ಲಿದಾರೆ ಅದನ್ನು ಹೇಳಿ," ಸೊಸೆ ಅಂದಳು.

"ಕಾರಣ ಬರೀಬೇಕಮ್ಮ. ಮೊನ್ನೆ ಒಬ್ಬಳು ಹೀಗೇ ನುಗ್ಗಿ ಯಾರದೋ ಮಗನಿಗೆ ಬಾರಿಸಿ ಹೋದಳು."

"ನಾನೂ ಬಾರಿಸೋಕೇ ಬಂದಿರೋದು. ನಿಮ್ಮಿಂದಲೇ ಶುರು ಮಾಡ್ಲಾ?"

ಅವನು ತೆಪ್ಪಗೆ ಗೇಟು ಸರಿಸಿ, ಹಿಂದಿನ ನಲ್ಲಿಯ ಕಡೆ ಕೈ ತೋರಿಸಿದ.

ಇಸ್ತ್ರಿಯವನು ನಲ್ಲಿಯ ಪಕ್ಕದ ಕಟ್ಟೆಯ ಮೇಲೆ ಕೂತಿದ್ದ. ಡಬ್ಬಿಯ ಊಟ ಅರ್ಧಕ್ಕರ್ಧ ಹಾಗೇ ಇತ್ತು. ಬಾಯಿಗೆ ನೀರು ತುಂಬಿಕೊಂಡು ಮುಕ್ಕಳಿಸಿ ಉಗುಳುತ್ತಿದ್ದ. ನಮ್ಮನ್ನು ನೋಡಿ ಎದ್ದ.

"ಅಮ್ಮ, ಕಣ್ಣಿಗೇನಾಯ್ತು? ಯಾರು ಹೊಡೆದ್ರು?"

"ಪೊಟ್ಟಣ ತಗೊಂಡೆಯಾ?"

"ಈಗ ತಾನೆ. ಐದು ನಿಮಿಷ ಆಗಿಲ್ಲ. ಹಸಿವು ಬೇಗ ಬರಲಿ ಅಂತ ಎರಡು ಒಟ್ಟಿಗೆ ಹಾಕಿದೆ," ನಗಲು ನೋಡಿದ. "ಬಾಯೆಲ್ಲ ಉರೀತಿದೆ. ಔಷಧಿ ಜೋರಾಗಿದೆ ಅಂತ ಖುಷೀನೇ ಆಯ್ತು."

ಐದು ನಿಮಿಷ. ಅಂಗಡಿಯಲ್ಲಿ ನಾನು ಅದಕ್ಕಿಂತ ಹೆಚ್ಚು ಹೊತ್ತು ನಿಂತಿದ್ದೆ.

ಉಳಿದ ಐದು ಪೊಟ್ಟಣ ಅವನ ಜೇಬಿನಿಂದಲೇ ಕಿತ್ತುಕೊಂಡೆ. ಆಸ್ಪತ್ರೆಗೆ ಹೋಗಬೇಕು ಅಂದಾಗ, "ಹತ್ತು ಪ್ಯಾಂಟು ಬಾಕಿ ಇದೆ" ಎಂದು ತಕರಾರು ತೆಗೆದ. ಮಾತು ಮುಗಿಸುವ ಮೊದಲೇ ಹೊಟ್ಟೆ ಹಿಡಿದು ಬಗ್ಗಿದ. ಕಾವಲುಗಾರನೇ ಓಡಿ ಹೋಗಿ ಆಟೊ ತಂದ. ದಾರಿಯಲ್ಲಿ ಎರಡು ಸಲ ವಾಂತಿ. ಎರಡನೆಯದರಲ್ಲಿ ಕೆಂಪು ಇತ್ತು. ಸೊಸೆ ತನ್ನ ಅಂಗಿಯ ತೋಳಿನಿಂದ ಅವನ ಬಾಯಿ ಒರೆಸಿದಳು.

ಆಸ್ಪತ್ರೆಯಲ್ಲಿ ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಅವನನ್ನು ಒಳಗೆ ಮಲಗಿಸಿ ಹೊರಗೆ ಬಂದವರು, "ಏನು ತಿಂದಿದಾರೆ? ನಿಜ ಹೇಳಿ. ಮುಚ್ಚಿಟ್ಟರೆ ಅವರಿಗೇ ತೊಂದರೆ," ಅಂದರು.

ನಾನು ಹೇಳುತ್ತಿರುವಾಗಲೇ ಸುದ್ದಿ ತಿಳಿದು ಇಸ್ತ್ರಿಯವನ ಹೆಂಡತಿ ಓಡಿ ಬಂದಳು. ಅವಳ ಹಿಂದೆಯೇ ಅಣ್ಣ. ಮನೆಯಲ್ಲಿ ಕೂರಲಾಗಲಿಲ್ಲವೋ, ನಾವು ಏನು ಹೇಳಿಬಿಡುತ್ತೇವೋ ಎಂದು ಬಂದನೋ, ಇವತ್ತಿಗೂ ನನಗೆ ತಿಳಿಯದು.

"ಇದರಲ್ಲಿ ಔಷಧಿಯ ದೋಷ ಇಲ್ಲ ಡಾಕ್ಟರೇ," ಅಂದ. "ನನ್ನ ಸೊಸೆ ಹೊಸಬಳು. ಹೇಳಿದ ಮಾತು ಕೇಳದೆ ಬೇರು ಕೆಡಿಸಿದಾಳೆ. ನನಗೆ ಗೊತ್ತೇ ಇರಲಿಲ್ಲ."

ಇಸ್ತ್ರಿಯವನ ಹೆಂಡತಿ ಸೊಸೆಯ ಭುಜ ಹಿಡಿದು ಅಲ್ಲಾಡಿಸಿದಳು. "ನಿನಗೆ ನಾವೇನು ಮಾಡಿದ್ವೇ? ಎರಡು ಮಕ್ಕಳಿದಾವೆ ನನಗೆ! ಪೊಲೀಸಿಗೆ ಹೇಳ್ತೀನಿ ನೋಡು!" ಸೊಸೆ ಬಿಡಿಸಿಕೊಳ್ಳಲಿಲ್ಲ. ಗೋಡೆಗೊರಗಿ ಅಲ್ಲಾಡಿಸಿದಷ್ಟೂ ಅಲ್ಲಾಡಿದಳು. ಒಂದು ಸಲ ನನ್ನ ಕಡೆ ನೋಡಿದಳು.

ಸುಮ್ಮನಿದ್ದರೆ ಅಣ್ಣನ ಮನೆಯಲ್ಲಿ ನನ್ನ ಜಾಗ ಮೊದಲಿನ ಹಾಗೇ ಇರುತ್ತಿತ್ತು. ಹುಡುಗಿ ಬೈಗುಳ ತಿನ್ನುತ್ತಿದ್ದಳು, ಅಷ್ಟೇ.

"ಅವಳನ್ನು ಬಿಡಮ್ಮ," ಅಂದೆ. "ನೀರು ಯಾಕೆ ಚೆಲ್ಲಬೇಕು ಅಂತ ಅವಳು ಕೇಳಿದ್ದಳು. ಒಂದು ಸಲ ಅಲ್ಲ, ಮೂರು ವರ್ಷದಿಂದ ಕೇಳ್ತಿದಾಳೆ. ನಾನೇ ಹೇಳಲಿಲ್ಲ."

"ಯಾಕಕ್ಕ? ಯಾಕೆ ಹೇಳಲಿಲ್ಲ?" ಅಂದಳು ಇಸ್ತ್ರಿಯವನ ಹೆಂಡತಿ.

"ಆ ಮಡಕೆಯ ಕೆಲಸ ಗೊತ್ತಿದ್ದದ್ದು ನನಗೊಬ್ಬಳಿಗೆ. ಅವಳಿಗೂ ಗೊತ್ತಾದ್ರೆ ಆ ಮನೇಲಿ ನಾನು ಯಾತಕ್ಕೆ ಬೇಕು? ಆ ಭಯ. ಇನ್ನೊಂದು ಮಾತು. ಪುಡಿ ಕೆಟ್ಟಿದೆ ಅಂತ ನಮ್ಮಣ್ಣನಿಗೆ ಹನ್ನೊಂದೂವರೆಗೇ ಗೊತ್ತಿತ್ತು. ಹೋಗಬೇಡ ಅಂದ. ನಾನು ಕಾಲು ಗಂಟೆ ಅವನ ಮಾತು ಕೇಳಿ ನಿಂತೆ. ನಿಲ್ಲದೆ ಹೊರಟವಳು ಈ ಹುಡುಗಿ."

ಅಣ್ಣ ನನ್ನನ್ನು ದುರುಗುಟ್ಟಿ ನೋಡಿದ. ನಲವತ್ತೊಂದು ವರ್ಷದಲ್ಲಿ ಅವನಿಂದ ಹಾಗೆ ನೋಡಿಸಿಕೊಂಡಿರಲಿಲ್ಲ. ತಿರುಗಿ ಮೆಟ್ಟಿಲಿಳಿದು ಹೋದ.

ಡಾಕ್ಟರಮ್ಮ ನಮ್ಮ ಜಗಳಕ್ಕೆ ಕಿವಿಗೊಡಲಿಲ್ಲ. "ಗಿಡ ತಂದು ತೋರಿಸಿ. ಹೆಸರು ಒಂದೊಂದು ಕಡೆ ಒಂದೊಂದು ಇರುತ್ತೆ, ನನಗೆ ಗಿಡವೇ ಬೇಕು," ಅಂದರು. ಸೊಸೆ ಮನೆಗೆ ಹೋಗಿ, ಅರ್ಧ ಗಂಟೆಯಲ್ಲಿ ಬೇರು ಸಮೇತ ಕಿತ್ತು ತಂದಳು. ಬರಿಗೈಯಲ್ಲಿ ಕಿತ್ತಿದ್ದಳು. ಮೈಯೆಲ್ಲ ಬಿಳಿ ಹೂವು ಅಂಟಿತ್ತು. ಡಾಕ್ಟರಮ್ಮ ಪಟ ತೆಗೆದು ಯಾರಿಗೋ ಕಳಿಸಿದರು, ಫೋನಿನಲ್ಲಿ ಮಾತಾಡಿದರು, ಮತ್ತೆ ಒಳಗೆ ಹೋದರು. ನಾನು ಸೊಸೆಯ ಕೈಯನ್ನು ನಲ್ಲಿಯ ಕೆಳಗೆ ಹಿಡಿದು ತೊಳೆದೆ. ಅಷ್ಟರಲ್ಲಿ ಬೆರಳ ಸಂದಿ ಕೆಂಪಾಗಿತ್ತು.

"ಎಣ್ಣೆ ಸವರಿಕೊಳ್ಳಬೇಕಿತ್ತು," ಅಂದೆ.

"ಅದನ್ನಾದ್ರೂ ಮೊದಲೇ ಹೇಳಿದ್ರಾ?" ಅಂದಳು. ಅವತ್ತು ಅವಳು ನನಗೆ ಅಂದ ಗಟ್ಟಿ ಮಾತು ಅದೊಂದೇ.

ಸಂಜೆ ಆರಕ್ಕೆ ಡಾಕ್ಟರಮ್ಮ ಹೊರಗೆ ಬಂದು, ರಕ್ತ ನಿಂತಿದೆ, ಜೀವಕ್ಕೆ ಭಯವಿಲ್ಲ ಅಂದರು. ಇಸ್ತ್ರಿಯವನ ಹೆಂಡತಿ ಕೂತಲ್ಲೇ ಅತ್ತಳು. ಪೊಲೀಸರ ಮಾತು ಮತ್ತೆ ಎತ್ತಲಿಲ್ಲ. ನನ್ನ ಜೊತೆ ಮಾತನ್ನೂ ಆಡಲಿಲ್ಲ.

ಅವನು ನಾಲ್ಕು ದಿನ ಆಸ್ಪತ್ರೆಯಲ್ಲಿದ್ದು ಮಂಗಳವಾರ ಮನೆಗೆ ಬಂದ. ಗಂಜಿಗಿಂತ ಗಟ್ಟಿಯಾದದ್ದು ಒಂದು ತಿಂಗಳು ಬೇಡ ಅಂದಿದ್ದರಂತೆ. ನಾನು ನೋಡಲು ಹೋದಾಗ ಮೆಲ್ಲಗೆ ಅಂದ, "ಅಮ್ಮ, ಹಸಿವು ಮಾತ್ರ ಬಂದಿದೆ. ತಿನ್ನೋಕೆ ಬಿಡ್ತಿಲ್ಲ."

ಅದೇ ರಾತ್ರಿ ಊಟದ ಹೊತ್ತಿಗೆ ಅಣ್ಣ, ಸೊಸೆ ಕೆಲವು ತಿಂಗಳು ತವರಿಗೆ ಹೋಗಿರಲಿ, ಬೀದಿಯ ಬಾಯಿ ಮುಚ್ಚುವ ತನಕ, ಅಂದ. ನನ್ನ ಕಡೆ ನೋಡದೆ ಗೋಡೆಗೆ ಹೇಳಿದ ಹಾಗೆ ಅಂದ.

"ಅವಳು ಯಾಕೆ ಹೋಗಬೇಕು?" ಅಂದೆ. "ಆಸ್ಪತ್ರೇಲಿ ಮಾತಾಡಿದವಳು ನಾನು. ನಾನು ಹೋಗ್ತೀನಿ."

ಬೇಡ ಅನ್ನುತ್ತಾನೇನೋ ಎಂದು ಸ್ವಲ್ಪ ಹೊತ್ತು ಕಾದೆ. ಅವನು ಕೈತೊಳೆದು ಎದ್ದ.

ಬುಧವಾರ ಇಡೀ ದಿನ ಸೊಸೆಯನ್ನು ಹಿತ್ತಲಲ್ಲಿ ಕೂರಿಸಿಕೊಂಡೆ. ಕೊಂಬೆ ಯಾವ ಗಿಣ್ಣಿಗೆ ಕತ್ತರಿಸಿ ನೆಡುವುದು, ಬೇರು ಯಾವಾಗ ಬಲಿಯುತ್ತದೆ, ಎಣ್ಣೆ ಎಷ್ಟು, ಸುಣ್ಣ ಎಷ್ಟು, ಬಸಿಯಲ್ಲಿ ಪರೀಕ್ಷೆ ಹೇಗೆ, ಬಸುರಿಗೆ ಕೊಡಲೇಬಾರದು, ಹೊಟ್ಟೆಯಲ್ಲಿ ಹುಣ್ಣಿದ್ದವರಿಗೆ ಕೊಡಲೇಬಾರದು. ಎಲ್ಲ ಹೇಳಿದೆ. ಅವಳು ಒಂದೊಂದಕ್ಕೂ ಯಾಕೆ ಅಂದಳು. ಗೊತ್ತಿದ್ದದ್ದಕ್ಕೆ ಉತ್ತರ ಕೊಟ್ಟೆ, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅಂದೆ. ಸುಟ್ಟ ಬೆರಳಿಗೆ ಬಟ್ಟೆ ಸುತ್ತಿಕೊಂಡೇ ಎಲ್ಲ ಬರೆದುಕೊಂಡಳು.

ಮರುದಿನ, ಗುರುವಾರ, ಬೆಳಗಿನ ಮೊದಲ ಬಸ್ಸಿಗೆ ನಾನು ಆ ಮನೆಯಿಂದ ಹೊರಟೆ.