ತಲಾಲನ ಮೈಗೆ ಹೊಲಿದ ಬೈಕು

ಗಂಡಸರು ಬೈಕಿನ ಬಗ್ಗೆ ಮಾತಾಡುವುದನ್ನು ಹನ್ನೊಂದು ವರ್ಷದಿಂದ ಕೇಳಿಸಿಕೊಳ್ಳುತ್ತಿದ್ದೇನೆ. ಆ ಮಾತಿನಲ್ಲಿ ಬೈಕು ಕಡಿಮೆ, ಗಂಡಸರೇ ಜಾಸ್ತಿ.

ಆ ಶನಿವಾರವೂ ರೇಸ್ ಟ್ರ್ಯಾಕಿನ ಏಳನೇ ಗ್ಯಾರೇಜಿನಲ್ಲಿ ಚಾಪೆ ಹಾಸಿ, ನಡುವೆ ಖರ್ಜೂರದ ತಟ್ಟೆ ಇಟ್ಟು, ಐದಾರು ಮಂದಿ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಕಾಫಿಯ ಹೂಜಿ ಕೈಯಿಂದ ಕೈಗೆ ಹೋಗುತ್ತಿತ್ತು. ದರ್ಬಾರು ಬು ಗಾನಿಮನದು. ಮನಾಮಾದಲ್ಲಿ ಅವನದೊಂದು ಬೈಕಿನ ಅಂಗಡಿ. ಸಸ್ಪೆನ್ಷನ್ ವಿಷಯದಲ್ಲಿ ಇಡೀ ಬಹ್ರೇನಿಗೆ ತನ್ನ ಮಾತೇ ಕೊನೆಯದು ಎಂದು ಅವನೇ ಹೇಳಿ ಹೇಳಿ ಉಳಿದವರೂ ನಂಬಿಬಿಟ್ಟಿದ್ದರು.

ಬೆಳಗಿನ ಸುತ್ತು ಮುಗಿಸಿ ಬಂದವಳು ಹೆಲ್ಮೆಟ್ ಕಳಚಿ ಹೇಳಿದೆ. "ಬೈಕು ತುಂಬಾ ಗಟ್ಟಿ. ನಾಲ್ಕನೇ ತಿರುವಲ್ಲಿ ಹಿಂದಿನ ಚಕ್ರ ಕುಪ್ಪಳಿಸ್ತಿದೆ. ಬೆರಳೆಲ್ಲ ಜೋಮು ಹಿಡೀತಿವೆ."

ಬು ಗಾನಿಮ್ ನನ್ನತ್ತ ನೋಡಲಿಲ್ಲ. ನನ್ನ ಅಣ್ಣ ತಲಾಲನತ್ತ ತಿರುಗಿದ. "ತಲಾಲ್, ನಿಮ್ಮ ಮನೆಯವರಿಗೆ ಹೇಳಪ್ಪಾ, ಗಟ್ಟಿ ಇರೋದು ಬೈಕಲ್ಲ, ಎದೆಯೊಳಗಿನ ಭಯ. ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ!"

ಚಾಪೆ ತುಂಬ ನಗು. ತಲಾಲನೂ ನಕ್ಕ.

ಮನೆಯವರು ಎಂದರೆ ನಾನು. ನನ್ನ ಹೆಸರು ಲುಲ್ವಾ. ನಮ್ಮಲ್ಲಿ ಮರ್ಯಾದಸ್ಥ ಗಂಡಸು ಪರರ ಮುಂದೆ ತಾಯಿಯ ಹೆಸರು, ತಂಗಿಯ ಹೆಸರು ಎತ್ತುವುದಿಲ್ಲ. ಎತ್ತಿದರೆ ಮನೆಯ ಬಾಗಿಲು ತೆರೆದಿಟ್ಟಂತೆ ಎಂದು ಅವರ ಲೆಕ್ಕ. ಹಾಗಾಗಿ ಟ್ರ್ಯಾಕಿನಲ್ಲಿ ನನ್ನ ಬೈಕು "ಮನೆಯವರ ಬೈಕು", ನನ್ನ ಸಮಯ "ಮನೆಯವರ ಸಮಯ". ಮುಹರಖ್‌ನ ಶಾಲೆಯೊಂದರಲ್ಲಿ ಒಂಬತ್ತನೇ ತರಗತಿಗೆ ನಾನು ಸ್ಪ್ರಿಂಗಿನ ಪಾಠ ಮಾಡುತ್ತೇನೆ. ಆ ಹುಡುಗಿಯರಿಗೆ ಅರ್ಥವಾಗುವುದು ಈ ಗಡ್ಡಗಳಿಗೆ ಅರ್ಥವಾಗುವುದಿಲ್ಲ.

ಬೈಕನ್ನು ಸವಾರರಿಗೆ ಹೊಂದಿಸುವುದು ಅಂಥ ದೊಡ್ಡ ವಿದ್ಯೆಯೇನಲ್ಲ. ಹೆಲ್ಮೆಟ್, ಚರ್ಮದ ಉಡುಪು ಎಲ್ಲ ತೊಟ್ಟು ಸವಾರರು ಮೇಲೆ ಕೂರಬೇಕು. ಆಗ ಬೈಕು ಎಷ್ಟು ಕುಸಿಯುತ್ತದೆ ಎಂದು ಇನ್ನೊಬ್ಬರು ಟೇಪು ಹಿಡಿದು ಅಳೆಯಬೇಕು. ಹಿಂದೆ ಮೂರು ಸೆಂಟಿಮೀಟರ್ ಆಸುಪಾಸು ಕುಸಿದರೆ ಸರಿ. ಅದಕ್ಕಿಂತ ತೀರಾ ಕಡಿಮೆಯಾದರೆ ಸ್ಪ್ರಿಂಗ್ ಅತಿ ಬಿಗಿ, ಜಾಸ್ತಿಯಾದರೆ ಸಡಿಲ. ಇಷ್ಟೇ. ಆದರೆ ಅಳೆಯುವವನು ಕೂತವರ ತೊಡೆಯ ಪಕ್ಕದಲ್ಲಿ ಮಂಡಿಯೂರಬೇಕಾಗುತ್ತದೆ. ಹೋದ ವಾರ ಬು ಗಾನಿಮ್ ಟೇಪು ಹಿಡಿದು ಬಂದವನು ನನ್ನನ್ನು ಕಂಡು ಬೆಂಕಿ ಮುಟ್ಟಿದವನಂತೆ ಹಿಂದೆ ಸರಿದ. ಅಸ್ತಗ್ಫಿರುಲ್ಲಾ, ದೇವರು ಕ್ಷಮಿಸಲಿ, ಎಂದ. ಕೊನೆಗೆ ಅವನ ಬುದ್ಧಿಗೆ ಹೊಳೆದ ದಾರಿ, ನನ್ನ ಬದಲು ತಲಾಲನನ್ನು ಕೂರಿಸುವುದು.

"ಒಡಹುಟ್ಟಿದವರು ತಾನೆ, ರಕ್ತ ಒಂದೇ. ಅಣ್ಣನಿಗೆ ಸರಿಹೋದದ್ದು ತಂಗಿಗೂ ಸರಿಹೋಗುತ್ತೆ" ಎಂದ.

ನನ್ನ ತೂಕ ನಲವತ್ತಾರು ಕಿಲೋ. ತಲಾಲನದು ತೊಂಬತ್ತೆಂಟು. ರಕ್ತ ಒಂದೇ ಇರಬಹುದು, ಅದರ ಸುತ್ತ ಅವನು ಬೆಳೆಸಿಕೊಂಡದ್ದು ಬೇರೆ. ಅವನ ಕೆಳಗೆ ಬೈಕು ಕುಸಿದದ್ದನ್ನು ನೋಡಿ ಬು ಗಾನಿಮ್ ಸ್ಪ್ರಿಂಗನ್ನು ಬಿಗಿ ಮಾಡಿದ, ಮತ್ತೂ ಬಿಗಿ ಮಾಡಿದ. ನಾನು ಬೇಡವೆಂದೆ. ಯಾರಿಗೂ ಕೇಳಿಸಲಿಲ್ಲ.

ವಸಂತದ ರೇಸಿಗೆ ಹೆಸರು ಕೊಡಲು ಅವತ್ತೇ ಕಡೆಯ ದಿನ. ಎರಡು ನಿಮಿಷ ಇಪ್ಪತ್ತು ಸೆಕೆಂಡಿನೊಳಗೆ ಒಂದು ಸುತ್ತು ಮುಗಿಸಿದವರಿಗೆ ಮಾತ್ರ ಅವಕಾಶ. ಬೆಳಗ್ಗೆ ನನಗೆ ಸಿಕ್ಕಿದ್ದು ಎರಡು ಇಪ್ಪತ್ನಾಲ್ಕು. ಉಳಿದದ್ದು ಊಟದ ನಂತರದ ಒಂದೇ ಅವಧಿ. ಈ ಸಲವೂ ತಪ್ಪಿದರೆ ಬೈಕು ತನಗೆ ಎಂದು ತಲಾಲ್ ಮನೆಯಲ್ಲಿ ಹೇಳಿಯಾಗಿತ್ತು, ಅಪ್ಪ ತಲೆಯಾಡಿಸಿಯೂ ಆಗಿತ್ತು.

ಹನ್ನೆರಡೂವರೆಗೆ ದರ್ಬಾರು ಎದ್ದಿತು. ಹಿಂದಿನ ಹಾಲಿನಲ್ಲಿ ಕುರಿಮಾಂಸ ಹಾಕಿ ಬೇಯಿಸಿದ ಮಸಾಲೆ ಅನ್ನ, ಮಜ್ಬೂಸ್, ಬಡಿಸಿದ್ದರು. ಮಜ್ಬೂಸ್ ಕಾದಿರುವಾಗ ನಮ್ಮ ಗಂಡಸರು ಭೂಕಂಪವಾದರೂ ತಟ್ಟೆ ಬಿಟ್ಟು ಏಳುವವರಲ್ಲ. ಗ್ಯಾರೇಜು ಖಾಲಿಯಾಯಿತು.

ಅಮ್ಮ ಡಬ್ಬಿ ಹಿಡಿದು ಬಂದಳು. ನಾನು ಒಬ್ಬಳೇ ಹೋಗಬಾರದೆಂದು ಅವಳೂ ಪ್ರತಿ ಸಲ ಬರುತ್ತಾಳೆ, ಬೆಳಗಿನಿಂದ ಸಂಜೆವರೆಗೆ ಕಾರಿನ ಎಸಿಯಲ್ಲಿ ತಸ್ಬಿಯ ಜಪಮಣಿ ಎಣಿಸುತ್ತ ಕೂರುತ್ತಾಳೆ. ಮೂವತ್ತು ವರ್ಷದಿಂದ ನಮ್ಮ ಓಣಿಯ ಮದುವಣಗಿತ್ತಿಯರಿಗೆಲ್ಲ ಬಟ್ಟೆ ಹೊಲಿದವಳು, ಒಮ್ಮೆಯೂ ಯಾರ ಮುಂದೆಯೂ ದನಿ ಎತ್ತಿದವಳಲ್ಲ. ನಿಜ ಹೇಳುತ್ತೇನೆ, ಚಾಪೆಯ ಮೇಲಿನವರ ಬಗ್ಗೆ ನನಗಿದ್ದ ತಾತ್ಸಾರದಲ್ಲಿ ಅವಳಿಗೂ ಒಂದು ಪಾಲು ಇತ್ತು. ಇವರು ಹೀಗಾಗಲು ಬಿಟ್ಟವಳು ಇವಳೇ ಅನಿಸುತ್ತಿತ್ತು.

"ತಿನ್ನು. ಮುಖ ಯಾಕೆ ಹಾಗಿದೆ?" ಎಂದಳು.

ಸಿಟ್ಟಿನಲ್ಲಿ ಎಲ್ಲ ಒದರಿಬಿಟ್ಟೆ. ಅಮ್ಮ ಡಬ್ಬಿಯನ್ನು ಪಕ್ಕಕ್ಕಿಟ್ಟಳು.

"ನಿನ್ನನ್ನ ಬಿಟ್ಟು ಅವನನ್ನ ಯಾಕೆ ಕೂರಿಸಿದ?"

"ನನ್ನ ಪಕ್ಕ ಬಗ್ಗಿ ಅಳೆಯೋಕೆ ನಾಚಿಕೆಯಂತೆ, ಯುಮ್ಮಾ."

"ಓಹೋ. ತಲಾಲನ ಮೈ ಅಳೆದು ನಿನಗೆ ಬಟ್ಟೆ ಹೊಲಿದಿದ್ದಾನೆ ಅನ್ನು." ಅವಳು ಪರ್ಸಿಗೆ ಕೈ ಹಾಕಿ ಹಳದಿ ಟೇಪನ್ನೂ ದರ್ಜಿ ಸೀಮೆಸುಣ್ಣವನ್ನೂ ತೆಗೆದಳು. "ಎಲ್ಲಿಂದ ಎಲ್ಲಿಗೆ ಅಳೀಬೇಕು, ತೋರಿಸು."

ನಾನು ಬೈಕನ್ನು ಪಕ್ಕದ ಸ್ಟ್ಯಾಂಡಿನ ಮೇಲೆ ವಾಲಿಸಿ ಹಿಂದಿನ ಚಕ್ರ ಎತ್ತಿ ಹಿಡಿದೆ. ಅಮ್ಮ ಸೀಟಿನ ಬುಡದಲ್ಲಿ ಸುಣ್ಣದ ಗೆರೆ ಎಳೆದು, ಚಕ್ರದ ಅಚ್ಚಿನಿಂದ ಅಲ್ಲಿಗೆ ಅಳೆದಳು. ಆಮೇಲೆ ನಾನು ಪೂರ್ತಿ ಉಡುಪು ತೊಟ್ಟು, ಗೋಡೆಗೆ ಮೊಣಕೈ ತಾಗಿಸಿ ಕೂತೆ. ಅವಳು ಎಣ್ಣೆ ನೆಲದ ಮೇಲೆ ಕಪ್ಪು ನಿಲುವಂಗಿ ಅಬಾಯಾ ಸಮೇತ ಮಂಡಿಯೂರಿದಳು.

"ಉಸಿರು ಬಿಡೇ. ಹೊಟ್ಟೆ ಒಳಗೆ ಎಳ್ಕೋಬೇಡ. ಅಳತೆ ಕೊಡೋವಾಗ ಎಲ್ಲಾ ಹೆಂಗಸರೂ ಸುಳ್ಳು ಹೇಳ್ತಾರೆ."

"ಇದು ನಡು ಅಲ್ಲ ಯುಮ್ಮಾ, ಬೈಕು!"

"ಅಳತೆ ಅಳತೆಯೇ." ಮೂರು ಸಲ ಅಳೆದಳು. ಕುಸಿದದ್ದು ಒಂದೂಕಾಲು ಸೆಂಟಿಮೀಟರ್. ನಾನು ಆ ಬೈಕಿನ ಮೇಲೆ ಕೂತೇ ಇರಲಿಲ್ಲ ಎನ್ನಬಹುದು.

ಬು ಗಾನಿಮ್ ಬಿಗಿದಿದ್ದನ್ನೆಲ್ಲ ಕೊಕ್ಕೆ ಸ್ಪ್ಯಾನರಿನಿಂದ ಸಡಿಲಿಸಿದೆ. ಮತ್ತೆ ಕೂತೆ, ಮತ್ತೆ ಅಳೆದಳು. ಆರನೇ ಸಲಕ್ಕೆ ಎರಡೂಮುಕ್ಕಾಲು ಬಂತು. ಮುಂದಿನ ಫೋರ್ಕನ್ನೂ ಹಾಗೇ ಸರಿಮಾಡಿದೆವು. ಕುಸಿದ ಬೈಕು ಎಷ್ಟು ಬೇಗ ಮೇಲೇಳಬೇಕೆಂದು ನಿರ್ಧರಿಸುವ ತಿರುಪು ಬಾಕಿ ಇತ್ತು. ಅಮ್ಮ ಬಟ್ಟೆಯ ನೇಯ್ಗೆ ನೋಡುವಂತೆ ಅಂಗೈಯಿಂದ ಸೀಟನ್ನು ಒತ್ತಿ ಒತ್ತಿ ನೋಡಿದಳು. "ಸೋಮಾರಿ ಹಾಗೆ ಏಳ್ತಿದೆ. ಇನ್ನೊಂದು ಸುತ್ತು ಬಿಡು" ಎಂದಳು. ಬಿಟ್ಟೆ. ಅವಳು ಹೇಳಿದ್ದೇ ಸರಿಯಿತ್ತು.

ಊಟದ ನಂತರದ ಅವಧಿಯಲ್ಲಿ ನಾಲ್ಕನೇ ತಿರುವಿಗೆ ಬಂದಾಗ ಅಭ್ಯಾಸಬಲದಿಂದ ಹಲ್ಲು ಕಚ್ಚಿದೆ. ಚಕ್ರ ಕುಪ್ಪಳಿಸಲಿಲ್ಲ. ನೆಲಕ್ಕೆ ಅಂಟಿಕೊಂಡೇ ತಿರುಗಿತು. ಹೆಲ್ಮೆಟ್ಟಿನೊಳಗೆ ನಾನು ಗಟ್ಟಿಯಾಗಿ ನಕ್ಕೆ. ಐದನೇ ಸುತ್ತಿಗೆ ಎರಡು ಹದಿನೆಂಟು.

ಬೈಕು ನಿಲ್ಲಿಸಿ ನೋಂದಣಿ ಮೇಜಿಗೆ ಹೋಗುವಷ್ಟರಲ್ಲಿ ಅಲ್ಲಿ ದರ್ಬಾರು ಮತ್ತೆ ನೆರೆದಿತ್ತು. ಎಲ್ಲರೂ ತಲಾಲನ ಕೈ ಕುಲುಕುತ್ತಿದ್ದರು. ಬು ಗಾನಿಮ್ ಹಲ್ಲುಕಡ್ಡಿ ಆಡಿಸುತ್ತ, "ನಾನು ಹೇಳಲಿಲ್ವಾ? ನನ್ನ ಅಳತೆ ಸುಳ್ಳಾಗೋದಿಲ್ಲ" ಎಂದ. ಅರ್ಜಿಯಲ್ಲಿ ಬೈಕು ಹೊಂದಿಸಿದವರ ಹೆಸರಿಗೆ ಒಂದು ಸಾಲು ಇತ್ತು. ಅವನು ಪೆನ್ನಿಗೆ ಕೈ ಚಾಚಿದ.

"ನೀನು ಹೊಂದಿಸಿದ್ದಲ್ಲ. ಅದನ್ನೆಲ್ಲ ಊಟದ ಹೊತ್ತಲ್ಲೇ ಬಿಚ್ಚಿ ಹಾಕಿದ್ವಿ" ಎಂದೆ.

"ಯಾರು ಬಿಚ್ಚಿದ್ದು?"

"ನನ್ನ ತಾಯಿ."

ನಗು ಸಿಡಿಯಿತು. ಮೇಜಿನ ಹಿಂದಿದ್ದ ಗುಮಾಸ್ತ ಮಾತ್ರ ನಗದೆ, "ತಲಾಲನ ತಾಯಿ, ಉಮ್ ತಲಾಲ್, ಅಂತ ಬರೆದ್ರೆ ಆಗೋದಿಲ್ಲ, ಸ್ವಂತ ಹೆಸರು ಬೇಕು" ಎಂದ.

"ಲುಲ್ವಾ! ಹೇಳಬೇಡ!" ತಲಾಲ್ ಕಿರುಚಿದ. ಕಿರುಚಿದ ಮೇಲೆ, ಅಷ್ಟು ಗಂಡಸರ ಮುಂದೆ ತಂಗಿಯ ಹೆಸರು ತನ್ನ ಬಾಯಿಂದಲೇ ಬಿದ್ದದ್ದು ಅವನಿಗೆ ಗೊತ್ತಾಯಿತು. ಕಿವಿವರೆಗೆ ಕೆಂಪಾದ.

ನಾನು ಬಾಯಿ ತೆರೆದೆ. ಹೆಸರು ಹೊರಬರಲಿಲ್ಲ. ಇಷ್ಟೆಲ್ಲ ಜಂಭ ಕೊಚ್ಚುವ ನನಗೂ, ಇಪ್ಪತ್ತೊಂಬತ್ತು ವರ್ಷದಲ್ಲಿ ಪರರ ಎದುರು ಅಮ್ಮನ ಹೆಸರು ಹೇಳಿ ಅಭ್ಯಾಸವಿರಲಿಲ್ಲ. ನನ್ನ ಮೇಲೆ ನನಗೇ ಅಸಹ್ಯವಾಯಿತು.

"ಬರ್ಕೊಳ್ಳಪ್ಪಾ." ಹಿಂದಿನಿಂದ ದನಿ ಬಂತು. ಅಮ್ಮ ನಿಂತಿದ್ದಳು, ಅಬಾಯಾದ ಮಂಡಿಯಲ್ಲಿ ಎಣ್ಣೆ ಕಲೆ, ಕೊರಳಲ್ಲಿ ಹಳದಿ ಟೇಪು. "ಮುನೀರಾ. ಮುನೀರಾ ಬಿನ್ತ್ ಸುಲ್ತಾನ್."

ನಮ್ಮ ಮನೆಗೆ ಬಂದು ಇಪ್ಪತ್ತು ವರ್ಷ ಅವಳ ಕೈಯಡುಗೆ ಉಂಡ ಗಂಡಸರು ನೆಲ ನೋಡಿದರು. ಅವಳು ಬು ಗಾನಿಮನತ್ತ ತಿರುಗಿದಳು.

"ನಿನ್ನ ಅಳತೆ ಅಂದ್ಯಲ್ಲ, ಎಷ್ಟಿತ್ತು ಹೇಳು?"

ಅವನು ಹಲ್ಲುಕಡ್ಡಿಯನ್ನು ಬಾಯಿಂದ ತೆಗೆದು ಜೇಬಿಗೆ ಹಾಕಿಕೊಂಡ.

"ಎರಡೂಮುಕ್ಕಾಲು" ಎಂದಳು ಅಮ್ಮ. ಗುಮಾಸ್ತ ಬರೆದುಕೊಂಡ.

ತಲಾಲ್ ಏನೋ ಒಂದು ಮಾಡಬೇಕಲ್ಲ ಎಂದು, ನಾನು ಮೇಜಿನ ಮೇಲೆ ಇಟ್ಟಿದ್ದ ಬೈಕಿನ ಕೀಲಿ ಎತ್ತಿಕೊಂಡ. "ನಾನೇ ಟ್ರಕ್ಕಿಗೆ ಹತ್ತಿಸಿ ಬರ್ತೀನಿ" ಎಂದ. ಅಮ್ಮ ಅವನ ಮುಂದೆ ಅಂಗೈ ಚಾಚಿದಳು, ಕೀಲಿ ಅದರೊಳಗೆ ಬೀಳುವವರೆಗೆ ಹಿಂದೆಗೆಯಲಿಲ್ಲ.

"ಬೇಡ ಮಗನೇ. ಇದು ನಿನ್ನ ಅಳತೆಯದಲ್ಲ" ಎಂದು ಕೀಲಿಯನ್ನು ನನ್ನ ಕೈಗೆ ಕೊಟ್ಟಳು.