ಬಣ್ಣವಿಲ್ಲದ ಮುಖ

ಪತ್ರಕರ್ತರ ಬೆನ್ನು ಬೀಳುವುದೇ ಅಕ್ಕನ ಹೊಟ್ಟೆಪಾಡು. ಸಲಿಂಗಿಗಳ, ಟ್ರಾನ್ಸ್ ಕಲಾವಿದರ ನಾಟಕ, ಹಾಡು, ಕುಣಿತಗಳ ಸುದ್ದಿಯನ್ನು ಅವರಿಗೆ ಮೇಲ್ ಮಾಡಬೇಕು. ಅವರು ಮೂಸಿಯೂ ನೋಡದಿದ್ದರೆ ನಾಚಿಕೆ ಬಿಟ್ಟು ಮತ್ತೆ ಮಾಡಬೇಕು. ತಂಡದವರಿಗೆಲ್ಲ ಅವಳು ಅಕ್ಕ.

ಈ ಲೋಕದ ಬಗ್ಗೆಯೇ ಬರೆಯುವ ದೊಡ್ಡ ಪತ್ರಿಕೆಯ ವರದಿಗಾರ್ತಿಯಂತೂ ಇಷ್ಟು ಕಾಲ ಒಂದು ಸಾಲೂ ಉತ್ತರಿಸಿದವಳಲ್ಲ. ಅಂಥದ್ದರಲ್ಲಿ ತಂಡದ ನವಿಲು ಎಂಬ ಹುಡುಗನ ಕುರಿತ ಮೇಲ್‌ಗೆ ಕಾಫಿ ಆರುವ ಮೊದಲೇ ಉತ್ತರ ಬಂತು. ಅಕ್ಕ ಕುರ್ಚಿಯಲ್ಲೇ ಕುಣಿದಳು.

ನವಿಲು ಹೆಣ್ಣುವೇಷದಲ್ಲಿ ಕುಣಿಯುವವನು. ಸಂಜೆ ಪಾಠ ಹೇಳಲು ಹೋಗುತ್ತಾನೆಂದು ಮನೆಯವರ ನಂಬಿಕೆ. ಗೊತ್ತಾದರೆ ಅಣ್ಣ ಕೈಕಾಲು ಮುರಿಯುತ್ತಾನೆ. ಇದು ಬಾಯಿಮಾತಲ್ಲ; ಬರೀ ಅನುಮಾನಕ್ಕೇ ಒಮ್ಮೆ ಕೈ ಮುರಿದಿದ್ದ. ಅದಕ್ಕೇ ಬಣ್ಣ ಹಚ್ಚಿದ ಮುಖವಷ್ಟೇ ಹೊರಗಿನವರಿಗೆ ಕಾಣುತ್ತಿತ್ತು.

ಉತ್ತರಗಳಲ್ಲಿ ಬೆಣ್ಣೆಯಂಥ ಮಾತು. ಮೊದಲು ಕೇಳಿದ್ದು ಕುಣಿತದ ವಿಚಾರ, ಆಮೇಲೆ ತಾಲೀಮು ನಡೆಯುವ ಜಾಗ, ಅಲ್ಲಿಗೇ ಫೋಟೊದವರನ್ನು ಕಳಿಸುತ್ತೇನೆಂದು. ಕೊನೆಗೆ ಬಣ್ಣವಿಲ್ಲದ ಮುಖದ ಒಂದು ಫೋಟೊ: ಅಚ್ಚು ಹಾಕುವುದಿಲ್ಲ, ಗುರುತಿಗೆ ಮಾತ್ರ. ಅಕ್ಕನಿಗೆ ಅಳುಕಾಯಿತು. ಆದರೆ ಪುಟದ ತುಂಬ ಗರಿ ಬಿಚ್ಚಿದ ನವಿಲು ಆಗಲೇ ಕಣ್ಣಿಗೆ ಕಟ್ಟಿದ್ದ. ಆಸೆ ಮಂಕುಬೂದಿ ಎರಚಿದ ಮೇಲೆ ಅಳುಕಿನ ಮಾತು ಯಾರು ಕೇಳುತ್ತಾರೆ? ಕಳಿಸಿಬಿಟ್ಟಳು.

ತಾಲೀಮಿನ ದಿನ ಸಂಜೆ, ಫೋಟೊದವರು ಎಷ್ಟೊತ್ತಿಗೆ ಬರುತ್ತಾರೆಂದು ಕೇಳಲು, ಯಾರ್ಯಾರನ್ನೋ ಕಾಡಿ ವರದಿಗಾರ್ತಿಯ ನಂಬರು ಹಿಡಿದಳು. ನಡೆದದ್ದನ್ನೆಲ್ಲ ಸಡಗರದಿಂದ ಹೇಳಿದಳು.

ವರದಿಗಾರ್ತಿ ಅಲ್ಲಿಗೇ ತಡೆದಳು.

"ನಾನು ಆ ಪೇಪರ್ ಬಿಟ್ಟು ಎಷ್ಟೋ ತಿಂಗಳಾಯ್ತು ಕಣ್ರೀ. ಆ ಮೇಲ್ ಐಡಿ ಈಗ ಯಾರ ಕೈಲಿದೆಯೋ ಗೊತ್ತಿಲ್ಲ. ಬಣ್ಣ ಇಲ್ಲದ ಫೋಟೊ ಕೇಳಿದ್ರಾ? ಈ ಕೆಲಸದಲ್ಲಿರೋರು ಯಾರೂ ಅದನ್ನ ಕೇಳಲ್ಲ. ಯಾವತ್ತೂ ಕೇಳಲ್ಲ."

ಅಕ್ಕ ಕರೆ ಕತ್ತರಿಸಿದಳು. ತಕ್ಷಣ ನವಿಲಿಗೆ ಫೋನ್ ಹಚ್ಚಿದಳು.

"ಅಕ್ಕಾ, ಪೇಪರ್‌ನೋರು ಆಗಲೇ ಬಂದ್ಬಿಟ್ರು! ಎಷ್ಟು ಮರ್ಯಾದೆ ಕೊಟ್ಟು ಮಾತಾಡ್ತಾರೆ ಗೊತ್ತಾ?"

"ಕ್ಯಾಮೆರಾ ತಂದಿದಾರೇನೋ?"

"ಇನ್ನೂ ಬರಬೇಕಂತೆ. ಅಷ್ಟರಲ್ಲಿ ಮುಖ ತೊಳ್ಕೊಂಡು ಬಾ ಅಂದ್ರು. ತೊಳ್ಕೋತಾ ಇದೀನಿ."

"ಹಿಂದಿನ ಬಾಗಿಲಿಂದ ಓಡೋ! ಈಗಲೇ!"

"ಅದಕ್ಕೆ ಅವರೇ ಚಿಲಕ ಹಾಕಿದಾರೆ, ಧೂಳು ಬರತ್ತೆ ಅಂತ. ಯಾಕಕ್ಕಾ?"

ಫೋನಿನಲ್ಲಿ ನಲ್ಲಿಯ ನೀರು ಸುರಿಯುತ್ತಿತ್ತು. ಯಾರೋ ಒಳಗೆ ಬಂದ ಹೆಜ್ಜೆ ಸದ್ದು ಕೇಳಿತು.

"ಅಣ್ಣಾ? ನೀನಿಲ್ಲಿ?" ಎಂದ ನವಿಲು, ಇನ್ನಾರಿಗೋ.