ತುತ್ತು ತಪ್ಪಿದ ಕೌದಿ

ವಳಸಂಗದ ರಖಮಾಬಾಯಿ ಹೊಲಿದ ಕೌದಿ ಎರಡು ತಲೆಮಾರು ಬಾಳುತ್ತದೆ ಎಂದು ಸುತ್ತಲಿನ ಹಳ್ಳಿಗಳಲ್ಲಿ ಎಲ್ಲರೂ ಹೇಳುತ್ತಿದ್ದರು. ಹೇಳುವವರೇನೋ ಇದ್ದರು, ಹೊಲಿಸುವವರು ಮಾತ್ರ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದರು. ಸೋಲಾಪುರದ ರಸ್ತೆಬದಿಯಲ್ಲಿ ಮೆತ್ತನೆಯ ಬ್ಲ್ಯಾಂಕೆಟ್ಟುಗಳನ್ನು ಗುಡ್ಡೆ ಹಾಕಿಕೊಂಡು ಕೂಗಿ ಕೂಗಿ ಮಾರುವಾಗ, ಹಳೆಯ ಸೀರೆಗಳನ್ನು ಗಂಟು ಕಟ್ಟಿಕೊಂಡು ಬಸ್ಸು ಹತ್ತಿ ಬರುವ ತಾಪತ್ರಯ ಯಾರಿಗೆ ಬೇಕು?

ಇದಕ್ಕೊಂದು ದಾರಿ ಹುಡುಕಬೇಕೆಂದು ತಲೆಗೆ ಹಚ್ಚಿಕೊಂಡವಳು ಸೊಸೆ ನಂದಾ. ಅವಳು ದಿನಾ ಸೋಲಾಪುರಕ್ಕೆ ಹೋಗಿ ಬಂದು ಮಾಡುವ ನೌಕರಿಯವಳು. ಶಾಲೆಯ ಸಮವಸ್ತ್ರ ಹೊಲಿಯುವ ಕಾರ್ಖಾನೆಯೊಂದರಲ್ಲಿ ಚೆಕಿಂಗ್ ಕೆಲಸ. ಮಷಿನ್ನಿನಿಂದ ಬಂದ ಅಂಗಿ ಚಡ್ಡಿಗಳನ್ನು ತಿರುವಿ ನೋಡಿ, ಎಲ್ಲಾದರೂ ದಾರ ಜೋತುಬಿದ್ದಿದ್ದರೆ, ಹೊಲಿಗೆ ಬಿಟ್ಟಿದ್ದರೆ ಅದನ್ನು ಪಕ್ಕಕ್ಕೆ ಎಸೆಯಬೇಕು. ಹತ್ತು ವರ್ಷ ಅದನ್ನೇ ಮಾಡಿ ಅವಳ ಕಣ್ಣು ಹೇಗಾಗಿತ್ತೆಂದರೆ, ಮದುವೆಯಲ್ಲಿ ಎದುರಿಗೆ ಕೂತವರ ಕಾಲರಿನ ಹೊಲಿಗೆ ಸೊಟ್ಟಗಿದ್ದರೂ ಅವಳಿಗೆ ಊಟ ಒಳಗೆ ಇಳಿಯುತ್ತಿರಲಿಲ್ಲ.

ಕಾರ್ಖಾನೆಗೆ ಎಲ್ಲೆಲ್ಲಿಂದಲೋ ಆರ್ಡರ್ ಬರುವುದು ವೆಬ್‌ಸೈಟಿನಿಂದ ಎಂದು ನಂದಾಳಿಗೆ ಗೊತ್ತಿತ್ತು. ಚಡ್ಡಿಗೆ ಬರುವ ಗಿರಾಕಿ ಕೌದಿಗೆ ಯಾಕೆ ಬರಬಾರದು ಎಂದು ಒಂದು ದಿನ ಆಫೀಸಿನ ಕಂಪ್ಯೂಟರ್ ನೋಡಿಕೊಳ್ಳುವ ಸ್ನೇಹಲಳನ್ನು ಕೇಳಿದಳು. ಸ್ನೇಹಲ ಒಳ್ಳೆಯ ಹುಡುಗಿ. ಇದಕ್ಕೆ ಯಾರ ಕಾಲೂ ಹಿಡಿಯಬೇಕಿಲ್ಲ, ವರ್ಡ್‌ಪ್ರೆಸ್ ಎಂದು ಒಂದಿದೆ, ನೀನೇ ಮಾಡಿಕೊಳ್ಳಬಹುದು ಎಂದಳು. ಗೋಡೆ, ಛಾವಣಿ, ಬಾಗಿಲು ಎಲ್ಲ ಸಿದ್ಧವಿರುವ ಮನೆ ಇದ್ದ ಹಾಗೆ ಅದು. ಬೇಕಾದ ಬಣ್ಣ ಆರಿಸಿಕೊಂಡು ಒಳಗೆ ನಮ್ಮ ಸಾಮಾನು ಜೋಡಿಸುವುದಷ್ಟೇ ಕೆಲಸ. ಫೋಟೊ ಹಾಕಬೇಕು, ನಾಲ್ಕು ಸಾಲು ಬರೆಯಬೇಕು, ಕೊನೆಗೆ ಪಬ್ಲಿಶ್ ಎಂಬ ಗುಂಡಿ ಒತ್ತಬೇಕು. ಒತ್ತುವ ತನಕ ಅದು ಡ್ರಾಫ್ಟ್, ನಮ್ಮ ಕಣ್ಣಿಗೆ ಮಾತ್ರ. ಒತ್ತಿದ ಮೇಲೆ ಊರಿಗೆಲ್ಲ.

ಸ್ನೇಹಲ ಬಳಸಿ ಬಿಟ್ಟಿದ್ದ ಲ್ಯಾಪ್‌ಟಾಪನ್ನು ನಂದಾ ಮನೆಗೆ ತಂದಳು. ಮೊದಮೊದಲು ಅದರ ಜೊತೆ ಜಗಳವೇ ಆಯಿತು. ಅವಳು ಆರಿಸಿದ ಥೀಮಿನಲ್ಲಿ, ಅಂದರೆ ಸಿದ್ಧ ವಿನ್ಯಾಸದಲ್ಲಿ, ನಮೂನೆಗೆಂದು ಯಾರೋ ಬಿಳಿ ಹೆಂಗಸು ಕಾಫಿ ಬಟ್ಟಲು ಹಿಡಿದು ನಗುತ್ತ ಕೂತಿದ್ದಳು. ಎಷ್ಟು ತೆಗೆದರೂ ಹೋಗಲೊಲ್ಲಳು.

"ಯಾರವ್ವಾ ಇಕಿ?" ಎಂದು ರಖಮಾಬಾಯಿ ಕೇಳಿದಳು. "ನಮ್ಮ ದುಕಾನದಾಗ ಬಂದು ಆರಾಮ ಚಾ ಕುಡಕೋತ ಕುಂತಾಳಲ್ಲ. ಎದ್ದು ಹೋಗಂತ ಹೇಳಾಕ ಬರೂದಿಲ್ಲೇನು ನಿನಗ?"

ಹೆಂಗಸು ಕೊನೆಗೆ ಹೋದಳು, ಅವಳ ಜೊತೆಗೆ ಮೊದಲ ಪುಟವೂ ಹೋಯಿತು. ಮತ್ತೆ ಸ್ನೇಹಲಳಿಗೆ ಫೋನು. ಹೀಗೆ ಬಿದ್ದು ಎದ್ದು, ಮಳೆಗಾಲ ಮುಗಿಯುವಷ್ಟರಲ್ಲಿ ನಂದಾ ಪುಟ ಕಟ್ಟುವುದನ್ನು, ಮೆನು ಜೋಡಿಸುವುದನ್ನು ಕಲಿತಳು. ಶಾಲೆ ಕಲಿತದ್ದು ಮರಾಠಿಯಲ್ಲಿ, ಮನೆಯ ಮಾತು ಕನ್ನಡ. ಸೈಟು ಮರಾಠಿಯಲ್ಲಿ ಆಯಿತು. ಸೈಟಿನಲ್ಲೇ ಅಂಗಡಿ ತೆರೆಯುವ ಪ್ಲಗಿನ್ ಎಂಬ ಜೋಡಣೆಯನ್ನೂ ಅವಳೇ ಹಾಕಿಕೊಂಡಳು. ಈಗ ಬೇಕಾದದ್ದು ನಮೂನೆಗೆಂದು ತೋರಿಸಲು ಒಂದು ಕೌದಿಯ ಫೋಟೊ.

ಆಗ ಮನೆಯಲ್ಲಿ ಇದ್ದದ್ದು ಚಪಳಗಾಂವದ ಗಂಗುಬಾಯಿಯ ಕೌದಿ. ಗಂಗುಬಾಯಿಯ ತಾಯಿ ಗುರಮ್ಮ ಬೇಸಿಗೆಯಲ್ಲಿ ತೀರಿಕೊಂಡಿದ್ದಳು. ಅವಳು ಉಟ್ಟ ಇಳಕಲ್ ಸೀರೆಗಳನ್ನು ಮಗಳು ಗಂಟು ಕಟ್ಟಿ ತಂದುಕೊಟ್ಟಿದ್ದಳು. ರಖಮಾಬಾಯಿ ಆ ಕೌದಿಯನ್ನು ಮನಸ್ಸಿಟ್ಟು ಹೊಲಿದಿದ್ದಳು. ನಡುವೆ ಕಡುನೀಲಿ, ಸುತ್ತ ಕೆಂಪು ಸೆರಗಿನ ತುಂಡುಗಳು, ಅವುಗಳ ಮೇಲೆ ಇರುವೆ ಸಾಲಿನಂತೆ ಬಿಳಿಯ ಹೊಲಿಗೆ. ಒಂದು ಮೂಲೆಯಲ್ಲಿ ಮಾತ್ರ ನಾಲ್ಕು ಬೆರಳಷ್ಟು ಹೊಲಿಗೆ ಹಾಕದೆ ಬಿಟ್ಟಿದ್ದಳು.

ಅದು ಕೌದಿಯ ಬಾಯಿ. ಬಟ್ಟೆ ಕೊಟ್ಟ ಮನೆಯವರು ಬಂದು, ಅದರೊಳಗೆ ಒಂದು ಚೂರು ರೊಟ್ಟಿ, ಒಂದು ಚೂರು ಬೆಲ್ಲ ಇಟ್ಟು, ತಮ್ಮ ಕೈಯಿಂದಲೇ ಹೊಲಿದು ಮುಚ್ಚಬೇಕು. ಹಸಿದ ಕೌದಿ ಹೊದ್ದವರಿಗೆ ನಿದ್ದೆ ಕೊಡುವುದಿಲ್ಲ ಎಂಬುದು ರಖಮಾಬಾಯಿಗೆ ಅವಳ ಅತ್ತೆ ಹೇಳಿಕೊಟ್ಟ ಮಾತು. ನಂದಾಳಿಗೂ ಇದು ಗೊತ್ತಿಲ್ಲದ ಸಂಗತಿಯಲ್ಲ. ಮದುವೆಯಾಗಿ ಬಂದಾಗಿನಿಂದ ನೋಡಿದ್ದಳು.

ಆದರೆ ಕಟ್ಟೆಯ ಮೇಲೆ ಹರವಿ ತೆಗೆದ ಫೋಟೊ ಲ್ಯಾಪ್‌ಟಾಪಿನಲ್ಲಿ ದೊಡ್ಡದಾಗಿ ತೆರೆದಾಗ, ಅವಳ ಕಣ್ಣಿಗೆ ಬಿದ್ದದ್ದು ಆ ಮೂಲೆ ಒಂದೇ. ಬಿಟ್ಟ ಹೊಲಿಗೆ, ಜೋತುಬಿದ್ದ ದಾರ. ಪಕ್ಕಕ್ಕೆ ಎಸೆಯುವ ಮಾಲು. ಅತ್ತೆ ಬಚತ್ ಗಟದ, ಅಂದರೆ ಹೆಂಗಸರ ಉಳಿತಾಯ ಸಂಘದ, ಸಭೆಗೆ ಹೋಗಿದ್ದಳು. ನಂದಾ ಸೂಜಿ ತೆಗೆದುಕೊಂಡು, ಅತ್ತೆಯ ಹೊಲಿಗೆಗೆ ಹೊಲಿಗೆ ಕೂಡಿಸಿ ಬಾಯಿಯನ್ನು ಚೆಂದವಾಗಿ ಮುಚ್ಚಿದಳು. ಮತ್ತೊಂದು ಫೋಟೊ ತೆಗೆದಳು. ಆಮೇಲೆ ಬಿಚ್ಚಿಟ್ಟರಾಯಿತು ಎಂದುಕೊಂಡದ್ದು ಅಡುಗೆಯ ಗಡಿಬಿಡಿಯಲ್ಲಿ ಮರೆತೇ ಹೋಯಿತು.

ಅಂಗಡಿಯ ಪುಟ ಕೇಳಿದ್ದನ್ನೆಲ್ಲ ತುಂಬಿದಳು. ಹೆಸರು, ಅಳತೆ, ಬೆಲೆ. ದಾಸ್ತಾನು ಎಷ್ಟು ಎಂದು ಕೇಳಿತು. ಒಂದು ಎಂದು ಬರೆದಳು. ಪಬ್ಲಿಶ್ ಒತ್ತಿದಳು. ಫೋಟೊದ ಕೆಳಗೆ 'ಖರೀದಿಸಿ' ಎಂಬ ಹಸಿರು ಗುಂಡಿ ತಾನಾಗಿಯೇ ಬಂದು ಕೂತಿತು. ಅದನ್ನು ಅವಳು ಬರೆದಿರಲಿಲ್ಲ, ಅಳಿಸಲೂ ಇಲ್ಲ.

ಲಿಂಕನ್ನು ಬಚತ್ ಗಟದ ವಾಟ್ಸಾಪಿಗೆ ಹಾಕಿದಳು. ಅಲ್ಲಿಂದ ಅದು ಯಾವ ಯಾವ ಊರಿಗೆ ಹೋಯಿತೋ, ಒಂದು ವಾರದಲ್ಲೇ ಪುಣೆಯ ಮಯೂರಿ ಎಂಬುವಳಿಂದ ಆರ್ಡರ್ ಬಂತು. ನಂದಾಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ರವಿವಾರ ಮುಂಜಾನೆ ಅತ್ತೆಗೆ ಸುದ್ದಿ ಹೇಳಿದಳು. ರಖಮಾಬಾಯಿ ಹಿಗ್ಗಲಿಲ್ಲ. ಯಾವ ಕೌದಿ ಕೇಳಿದ್ದಾರೆ ಎಂದಳು. ನಂದಾ ಹೇಳಿದಳು. ಇದನ್ನು ಕೊಡುವುದಿಲ್ಲ, ಇಂಥದ್ದೇ ಇನ್ನೊಂದು ಹೊಲಿದು ಕಳಿಸಿದರಾಯಿತು ಎಂದೂ ಹೇಳಿದಳು.

"ಇಂಥಾದ್ದ ಇನ್ನೊಂದಕ್ಕ ಇನ್ನೊಬ್ಬಾಕಿ ಗುರಮ್ಮನ್ನ ಎಲ್ಲಿಂದ ತರ್ತಿ?" ಎಂದಳು ರಖಮಾಬಾಯಿ.

ಆ ಮಾತು ಮುಗಿಯುವಷ್ಟರಲ್ಲಿ ಬಾಗಿಲಲ್ಲಿ ಗಂಗುಬಾಯಿ ಬಂದು ನಿಂತಳು. ಅಕ್ಕಲಕೋಟದಲ್ಲಿ ಬಸ್ಸು ಬದಲಿಸಿ ಬಂದಿದ್ದಳು. ಅವಳ ಸೊಸೆ ಪಿಂಕಿ ಮೊಬೈಲಿನಲ್ಲಿ ಏನು ನೋಡಿದಳು, ಏನು ಓದಿ ಹೇಳಿದಳು ಎಂಬುದು ಗಂಗುಬಾಯಿಯ ಮುಖದ ಮೇಲೇ ಇತ್ತು. ಹಾಸಿದ ಚಾಪೆಯ ಮೇಲೆ ಅವಳು ಕೂರಲಿಲ್ಲ.

"ರಖಮಕ್ಕಾ, ನಮ್ಮವ್ವನ ಸೀರಿ ಬಜಾರದಾಗ ಮಾರಾಕ ಇಟ್ಟೀರೇನು?"

ರಖಮಾಬಾಯಿ ಸೊಸೆಯ ಮುಖ ನೋಡಿದಳು. ನಂದಾ ತಡವರಿಸುತ್ತ ಎಲ್ಲ ಹೇಳಿದಳು. ಬರೀ ತೋರಿಸಲಿಕ್ಕೆಂದು ಹಾಕಿದ್ದು, ಗುಂಡಿ ತಾನಾಗಿ ಬಂದದ್ದು, ಕೌದಿ ಮನೆಯಲ್ಲೇ ಇದೆ, ಯಾರಿಗೂ ಕೊಟ್ಟಿಲ್ಲ. ಒಳಗಿಂದ ಕೌದಿ ತಂದು ಹರವಿದಳು.

ಕೌದಿ ನೋಡಿದ್ದೇ ಗಂಗುಬಾಯಿಯ ಸಿಟ್ಟು ಅರ್ಧ ಇಳಿಯಿತು. ಕೆಳಗೆ ಕೂತು ಕೆಂಪು ಸೆರಗಿನ ಮೇಲೆ ಕೈಯಾಡಿಸಿದಳು. ತನ್ನ ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ಬಂದಿದ್ದ ರೊಟ್ಟಿ ಬೆಲ್ಲದ ಗಂಟು ಬಿಚ್ಚಿದಳು. ಆಮೇಲೆ ಅವಳ ಬೆರಳು ಮೂಲೆಯಿಂದ ಮೂಲೆಗೆ ಹೋಯಿತು. ನಾಲ್ಕೂ ಮೂಲೆ ಮುಗಿದವು.

"ಇದರ ಬಾಯಿ ಎಲ್ಲಿ?"

ರಖಮಾಬಾಯಿ ಕೌದಿಯನ್ನು ಎಳೆದುಕೊಂಡು ನೋಡಿದಳು. ತನ್ನ ಹೊಲಿಗೆ ಎಲ್ಲಿ ಮುಗಿದು ಬೇರೆ ಕೈ ಎಲ್ಲಿ ಶುರುವಾಯಿತೆಂಬುದು ಅವಳಿಗೆ ಕೂಡಲೇ ಗೊತ್ತಾಯಿತು.

"ನಾನ ಮುಚ್ಚೀನ್ರಿ ಮಾವಶಿ," ಎಂದಳು ನಂದಾ. "ಫೋಟೊದಾಗ ಹೊಲಿಗಿ ಬಿಟ್ಟಂಗ ಕಾಣತಿತ್ತು."

"ಹೊಲಿಗಿ ಬಿಟ್ಟದ್ದಲ್ಲ ಅದು. ನನಗಂತ ಬಿಟ್ಟ ಜಾಗಾ." ಗಂಗುಬಾಯಿ ರೊಟ್ಟಿಯ ಗಂಟನ್ನು ಮತ್ತೆ ಕಟ್ಟಿಕೊಂಡಳು. ಮುಂದಿಟ್ಟ ಚಹಾ ಆರುತ್ತಿತ್ತು. ಅದನ್ನು ಮುಟ್ಟದೆ, ಕೌದಿಯನ್ನೂ ಮುಟ್ಟದೆ ಎದ್ದು ಹೋದಳು.

ಅವಳು ಹೋದ ಮೇಲೆ ನಂದಾ ಬೈಗುಳಕ್ಕೆ ಕಾದಳು. ರಖಮಾಬಾಯಿ ಬೈಯುವ ಪೈಕಿಯವಳಲ್ಲ. ಆದರೆ ಅವಳ ಮನಸ್ಸಿನಲ್ಲಿ ಏನಿದೆ ಎಂಬುದು ಸೊಸೆಗೆ ತಿಳಿಯುತ್ತಿತ್ತು. ಸತ್ತವರ ಬಟ್ಟೆಯನ್ನು ಜನ ನಂಬಿಕೆಯಿಲ್ಲದವರ ಕೈಗೆ ಕೊಡುವುದಿಲ್ಲ. ರಖಮಾಬಾಯಿಯ ಸೊಸೆ ಬೇರೆಯವರ ಕೌದಿ ಮಾರಲಿಕ್ಕೆ ಇಟ್ಟಿದ್ದಳಂತೆ ಎಂಬ ಮಾತು ಚಪಳಗಾಂವದಲ್ಲಿ ಬಸ್ಸು ಹತ್ತಿತೆಂದರೆ ದೂರದ ಕಂದಲಗಾಂವ ಮುಟ್ಟುವುದು ಎಷ್ಟು ಹೊತ್ತು? ಗಿರಾಕಿ ತರಲೆಂದು ಹಚ್ಚಿದ ದೀಪ ಇದ್ದ ಗಿರಾಕಿಯನ್ನೇ ಸುಡಬಹುದು.

ಅತ್ತೆ ಸೂಜಿಯ ಮೊನೆಯಿಂದ ಒಂದೊಂದೇ ಹೊಲಿಗೆ ಬಿಚ್ಚಿದಳು. ಕೌದಿಯನ್ನು ಮಡಚಿ ಚೀಲಕ್ಕೆ ಹಾಕಿ ಸೊಸೆಯ ಮುಂದಿಟ್ಟಳು.

"ಹೊಲಿಗಿ ನಾ ಬಿಚ್ಚೀನಿ. ಆಕಿ ಮನಸಿನ್ಯಾಗಿನ ಗಂಟು ನೀನ ಹೋಗಿ ಬಿಚ್ಚಬೇಕು. ನಾ ಬಂದ್ರ ನನ್ನ ಮುಖಾ ನೋಡಿ ಹೂಂ ಅಂತಾಳ. ಅದು ಖರೆ ಹೂಂ ಅಲ್ಲ."

ಸಂಜೆ ನಂದಾ ಮೊದಲು ಪುಣೆಗೆ ಫೋನು ಮಾಡಿದಳು. ಆ ಕೌದಿ ಮಾರುವುದಲ್ಲ, ತನ್ನಿಂದ ತಪ್ಪಾಯಿತು ಎಂದಳು. ಮಾರುವುದಲ್ಲದಿದ್ದರೆ ಅಂಗಡಿಯಲ್ಲಿ ಯಾಕೆ ಇಟ್ಟಿರಿ ಎಂದು ಮಯೂರಿ ಕೇಳಿದಳು. ನ್ಯಾಯದ ಪ್ರಶ್ನೆ.

ಮರುದಿನ ರಜೆ ಹಾಕಿ ಚಪಳಗಾಂವಕ್ಕೆ ಹೋದಳು. ಗಂಗುಬಾಯಿ ಕೊಟ್ಟಿಗೆಯ ಮುಂದೆ ಆಡುಗಳಿಗೆ ಸೊಪ್ಪು ಕಟ್ಟುತ್ತಿದ್ದಳು. ಒಮ್ಮೆ ತಲೆಯೆತ್ತಿ ನೋಡಿ ಮತ್ತೆ ಸೊಪ್ಪಿಗೆ ಕೈ ಹಾಕಿದಳು. ನಂದಾ ಚೀಲವನ್ನು ಕಟ್ಟೆಯ ಮೇಲಿಟ್ಟು, ತನ್ನ ಮೊಬೈಲು ತೆರೆದು ಗಂಗುಬಾಯಿಯ ಪಕ್ಕದಲ್ಲೇ ನಿಂತಳು. ಸೈಟಿನ ಒಳಗೆ ಹೋಗಿ, ಆ ಕೌದಿಯ ಪುಟವನ್ನು ತೋರಿಸಿ, ಅಳಿಸಿದಳು. ಸೈಟಿನೊಳಗೇ ಫೋಟೊಗಳೆಲ್ಲ ಇರುವ ಕಪಾಟಿಗೆ ಹೋಗಿ ಅಲ್ಲಿಂದಲೂ ಅಳಿಸಿದಳು.

"ಹೋತೇನು?" ಎಂದಳು ಗಂಗುಬಾಯಿ. "ಎಲ್ಲಾ ಕಡಿಂದ ಹೋತು?"

ಹೂಂ ಎಂದುಬಿಟ್ಟರೆ ಕೆಲಸ ಅಲ್ಲಿಗೆ ಮುಗಿಯುತ್ತಿತ್ತು. ನಂದಾಳ ನಾಲಿಗೆಯ ತುದಿಗೆ ಅದು ಬಂದಿತ್ತು ಕೂಡ.

"ನನ್ನ ಕಡಿಂದ ಹೋತ್ರಿ ಮಾವಶಿ. ಪರ ಯಾರರ ತಮ್ಮ ಫೋನಿನ್ಯಾಗ ಇಳಿಸಿಕೊಂಡಿದ್ರ, ಅದನ್ನ ತೆಗಿಯೂದು ನನ್ನ ಕೈಯಾಗಿಲ್ಲ."

ಗಂಗುಬಾಯಿ ಸೊಪ್ಪಿನ ಹಗ್ಗ ಬಿಗಿದು ಗಂಟು ಹಾಕಿದಳು. ಒಂದು ಆಡು ಬಂದು ಚೀಲಕ್ಕೆ ಬಾಯಿ ಹಾಕಿತು, ಅದರ ಮೂತಿಗೊಂದು ಕೊಟ್ಟಳು.

"ನಮ್ಮವ್ವ ಆಧಾರ ಕಾರ್ಡಿಗಿ ಒಂದ ಫೋಟೊ ತಗಸಿದ್ಲು, ಅದೂ ಕಣ್ಣ ಮುಚ್ಚಿ," ಎಂದಳು. ಇನ್ನೊಂದು ಕಟ್ಟು ಸೊಪ್ಪು ಎತ್ತಿಕೊಂಡು ಮುಂದುವರಿಸಿದಳು, "ನೀ ಮೊದಲ ಬಂದು ಕೇಳಿದ್ರ ನಾ ಬ್ಯಾಡ ಅಂತಿದ್ನೇನು? ನೀ ಕೇಳಲಿಲ್ಲ, ಅದ ನನಗ ನಟ್ಟದ."

"ಚೂಕ ಆತ್ರಿ, ತಪ್ಪು ನಂದ. ನನ್ನ ಕಣ್ಣಿಗಿ ಮಾಲು ಕಂಡಿತು, ನಿಮ್ಮ ಅವ್ವ ಕಾಣಲಿಲ್ಲ."

ಗಂಗುಬಾಯಿ ಒಳಗೆ ಹೋದಳು. ಬರುವಾಗ ಅವಳ ಕೈಯಲ್ಲಿ ಜೋಳದ ರೊಟ್ಟಿಯ ಚೂರೂ ಬೆಲ್ಲವೂ ಇದ್ದವು. ಕೌದಿಯ ಬಾಯಿಗೆ ತುತ್ತಿಟ್ಟು, ಏನೋ ತನ್ನಷ್ಟಕ್ಕೆ ಅಂದುಕೊಂಡು, ಹೊಲಿಯತೊಡಗಿದಳು. ಕಣ್ಣು ಮಂಜು, ಕೈ ಒರಟು. ಹೊಲಿಗೆ ಒಂದು ಉದ್ದ, ಒಂದು ಗಿಡ್ಡ, ಒಂದು ಸಾಲು ಬಿಟ್ಟು ಹೊರಗೆ. ಕಾರ್ಖಾನೆಯಲ್ಲಾಗಿದ್ದರೆ ನಂದಾ ಅದನ್ನು ಪಕ್ಕಕ್ಕೆ ಎಸೆಯುತ್ತಿದ್ದಳು. ಇಲ್ಲಿ ಸೂಜಿಗೆ ದಾರ ಪೋಣಿಸಿ ಕೊಟ್ಟು ಸುಮ್ಮನೆ ಕೂತಳು. ಮುಗಿದ ಮೇಲೆ ಪಿಂಕಿ ಚಹಾ ತಂದಳು, ಇಬ್ಬರೂ ಕುಡಿದರು.

ಆಮೇಲೆ ಬಹಳ ದಿನ ನಂದಾ ಲ್ಯಾಪ್‌ಟಾಪು ತೆರೆಯಲಿಲ್ಲ. ಅದನ್ನು ಸ್ನೇಹಲಳಿಗೆ ತಿರುಗಿ ಕೊಡುತ್ತೇನೆ ಎಂದಾಗ ರಖಮಾಬಾಯಿಯೇ ತಡೆದಳು. ಬೋರ್ಡು ಹಚ್ಚಿದ್ದು ತಪ್ಪಲ್ಲ, ಬೋರ್ಡಿನ ಮೇಲೆ ಬರೆದದ್ದು ತಪ್ಪು, ಅದನ್ನು ಅಳಿಸಿ ಸರಿಯಾದದ್ದು ಬರಿ ಎಂದಳು.

ನಂದಾ ಅಂಗಡಿಯ ಪ್ಲಗಿನ್ನನ್ನೇ ಕಿತ್ತು ಹಾಕಿದಳು. ಬೆಲೆ, ದಾಸ್ತಾನು, ಹಸಿರು ಗುಂಡಿ ಎಲ್ಲ ಹೋದವು. ಒಂದೇ ಪುಟ ಇಟ್ಟಳು. ಅತ್ತೆ ಹೇಳುತ್ತ ಹೋದಳು, ಸೊಸೆ ಅದನ್ನು ಮರಾಠಿಗೆ ತಿರುಗಿಸಿ ಬರೆಯುತ್ತ ಹೋದಳು. ನಮ್ಮಲ್ಲಿ ತಯಾರು ಕೌದಿ ಇಲ್ಲ. ನಿಮ್ಮ ಮನೆಯ ಬಟ್ಟೆ ಕಳಿಸಿದರೆ ಹೊಲಿದು ಕೊಡುತ್ತೇವೆ. ಕೊನೆಯ ಹೊಲಿಗೆ ನೀವೇ ಹಾಕಬೇಕು.

ಆದರೆ ಫೋಟೊ? ಮನೆಗೆ ಬರುವ ಕೌದಿಗಳೆಲ್ಲ ಇನ್ನೊಬ್ಬರವು. ರಖಮಾಬಾಯಿ ಒಳಗೆ ಹೋಗಿ ತಾನು ದಿನವೂ ಹೊದೆಯುವ ಹಳೆಯ ಕೌದಿಯನ್ನೇ ತಂದಳು. ಬಣ್ಣ ಮಾಸಿತ್ತು, ನಡುವೆ ಒಂದು ಹಳದಿ ಕಲೆ. ನಂದಾ ಕಲೆಯನ್ನು ಮಡಿಕೆಯ ಒಳಗೆ ಮುಚ್ಚಲು ಹೋದಳು.

"ಇರ್ಲಿ ಬಿಡು," ಎಂದಳು ಅತ್ತೆ. "ನಿನ್ನ ಗಂಡ ಸಣ್ಣಾಂವಿದ್ದಾಗ ಮಾಡಿದ್ದು. ಕೌದಿ ಅಂದ್ರ ಹಿಂಗ ಇರತದ."

ನಂದಾಳ ಗಂಡ ಅಮೋಲ ಅಲ್ಲೇ ಕೂತು ಊಟ ಮಾಡುತ್ತಿದ್ದ. ಕೈಯಲ್ಲಿನ ತುತ್ತು ಅಲ್ಲೇ ನಿಂತಿತು. "ನನ್ನ ಮಾನಾ ಇಂಟರ್ನೆಟ್ಟಿಗಿ ಹಾಕತೀರೇನು?"

"ನಿನ್ನ ಕೇಳಿ ಹಾಕಾಕತ್ತೀವಿ," ಎಂದಳು ನಂದಾ. "ಹಾಕ್ಲೇನು, ಬ್ಯಾಡೇನು?"

ಅಮೋಲ ತಾಯಿಯನ್ನು ನೋಡಿದ, ಕೌದಿಯನ್ನು ನೋಡಿದ. ಹೆಸರು ಮಾತ್ರ ಬರೆಯಬೇಡ ಎಂದು ರೊಟ್ಟಿ ಮುರಿದ.

ಪುಟದ ಲಿಂಕನ್ನು ನಂದಾ ಪುಣೆಯ ಮಯೂರಿಗೂ ಕಳಿಸಿದಳು, ಕ್ಷಮೆ ಕೇಳಿದ ಹಾಗಾಗಲಿ ಎಂದು. ಉತ್ತರ ಬರುತ್ತದೆಂಬ ಆಸೆಯಿರಲಿಲ್ಲ. ಒಂದು ಮಧ್ಯಾಹ್ನ ಕಾರ್ಖಾನೆಯ ಊಟದ ಹೊತ್ತಿಗೆ ಫೋನು ಬಂತು. ಈ ಹಳೆಯ ಕೌದಿಯನ್ನಾದರೂ ಮಾರುತ್ತೀರೋ ಹೇಗೆ ಎಂದು ಮಯೂರಿ ಕೇಳಿದಳು, ಅರ್ಧ ಚೇಷ್ಟೆಯಲ್ಲಿ. ನಂದಾ ನಕ್ಕು ಅಲ್ಲ ಎಂದಳು. ಆಮೇಲೆ, ನಿಮ್ಮ ಮನೆಯಲ್ಲಿ ಯಾರ ಸೀರೆಗಳಿವೆ ಎಂದು ಕೇಳಿದಳು.

ಮಯೂರಿ ಚೇಷ್ಟೆ ಬಿಟ್ಟು, ಅಜ್ಜಿಯವು ಒಂದು ಟ್ರಂಕಿನಲ್ಲಿವೆ, ಯಾರೂ ತೆರೆದಿಲ್ಲ ಎಂದಳು.

ನಂದಾ ಅವಸರ ಮಾಡಲಿಲ್ಲ. ತೆರೆಯಬೇಕು ಅನಿಸಿದಾಗ ತೆರೆಯಿರಿ ಎಂದಳು. ತೆರೆದರೆ ಒಂದು ದಿನ ಬಿಸಿಲಿಗೆ ಹಾಕಿ, ಒಗೆಯುವಾಗ ಗಂಜಿ ಹಾಕಬೇಡಿ, ಗಂಜಿ ಹಾಕಿದ ಬಟ್ಟೆಗೆ ಸೂಜಿ ಸರಿಯಾಗಿ ಇಳಿಯುವುದಿಲ್ಲ.